ಬಾವುಟ ನೆಡದ ಹನ್ನೊಂದು ದಿನ

ಪತ್ರ ಬಂದದ್ದು ಶುಕ್ರವಾರ, ನಸುಕಿಗೂ ಮೊದಲು.
ಹುಡುಗನೋ ಹುಡುಗಿಯೋ, ಹೆಸರಿರಲಿಲ್ಲ,
ನಾಲ್ಕೇ ಸಾಲು:
ನಿಮ್ಮ ರನ್‌ಟೈಮಿನ ಹೊಟ್ಟೆಯೊಳಗೆ, ಉದ್ದ ಅಳೆಯುವ ಕಡೆ,
ಒಂದು ಬೈಟನ್ನು ಹೆಚ್ಚಿಗೆ ಒಳಬಿಡುತ್ತೀರಿ.
ಆ ಒಂದರ ಬೆನ್ನಿಗೆ ನಾನು ಸಾವಿರ ಕಳಿಸಬಲ್ಲೆ.

ಜೊತೆಗಿದ್ದ ಕಡತ ಓಡಿಸಿ ನೋಡಿದೆ.
ನಾನು ಕರೆಯದೆಯೇ ಒಂದು ಕ್ಯಾಲ್ಕುಲೇಟರ್ ತೆರೆದುಕೊಂಡು
ಸೊನ್ನೆ ತೋರಿಸುತ್ತ ನಿಂತಿತು,
ತಪ್ಪು ಮನೆಗೆ ಬಂದ ನೆಂಟನ ಹಾಗೆ.

ತಾರ್ತುವಿನಲ್ಲಿ ಮಾರ್ಚ್ ಬಂತೆಂದರೆ ನದಿಯ ಮಂಜುಗಡ್ಡೆ
ಮೇಲೆ ಗಟ್ಟಿ, ಅಡಿಯಲ್ಲಿ ಸವೆದಿರುತ್ತದೆ.
ನಗರಸಭೆಯ ಹೆಂದ್ರಿಕ್ ಉದ್ದ ಕೋಲಿನಿಂದ ತಟ್ಟಿ ತಟ್ಟಿ
ಸದ್ದು ಬದಲಾದಲ್ಲಿ ಕೆಂಪು ಬಾವುಟ ನೆಡುತ್ತಾನೆ.
ಗಾಳ ಹಾಕಿ ಕೂತ ಮುದುಕರು ಗೊಣಗುತ್ತ
ಸ್ಟೂಲು ಎತ್ತಿಕೊಂಡು ಆಚೆ ಸರಿಯುತ್ತಾರೆ.
ಅವನ ನೌಕರಿ ಕಂಡರೆ ನನಗೆ ಹೊಟ್ಟೆಕಿಚ್ಚು.
ನಾನು ಬಾವುಟ ನೆಟ್ಟರೆ
ಮೊದಲು ಓಡಿ ಬರುವವನು ಕಳ್ಳ.

ಹಾಗಾಗಿ ಬಾಯಿಗೆ ಬೀಗ. ಬಲ್ಲವರು ಐದೇ ಜನ, ಐದು ಊರುಗಳಲ್ಲಿ.
ಬಸ್ಸಿನ ಯಂತ್ರಕ್ಕೆ ಕಾರ್ಡು ಮುಟ್ಟಿಸಿದೆ: ಇದರೊಳಗೂ ನಾವೇ.
ಔಷಧಿ ಅಂಗಡಿಯಲ್ಲಿ ಮುದುಕಿಯ ಚೀಟಿ ಹುಡುಕುವ ಪರದೆ: ನಾವೇ.
ತಂಗಿ ಲೀಸ್ ರಾತ್ರಿಪಾಳಿಯಲ್ಲಿ
ಹುಟ್ಟಿದ ಕೂಸುಗಳ ತೂಕ ಬರೆಯುತ್ತಾಳಲ್ಲ, ಅಲ್ಲೂ.
ಊರಿನ ಪ್ರತಿ ಮನೆಯ ಹಿತ್ತಿಲ ಬಾಗಿಲಿಗೆ ಅಗುಳಿಯಿಲ್ಲವೆಂದು ತಿಳಿದೂ
ತೇರೆ, ತೇರೆ ಎಂದು ಎಲ್ಲರಿಗೂ ನಮಸ್ಕಾರ ಹೇಳುತ್ತ
ಬೀದಿಯುದ್ದ ನಡೆದೆ.

ಯಾಕೆ ಉಣ್ಣುತ್ತಿಲ್ಲ? ಲೀಸ್ ಕೇಳಿದಳು.
ಹಲ್ಲುನೋವು ಅಂದೆ.
ಮೂರನೆಯ ದಿನ ಅವಳೇ ಎಳೆದುಕೊಂಡು ಹೋದಳು.
ದಂತವೈದ್ಯ ದೀಪ ಬಗ್ಗಿಸಿ ನೋಡಿ, ಇಲ್ಲೊಂದು ಸಣ್ಣ ತೂತು ಅಂದ.
ನೋವು ಸುಳ್ಳು, ತೂತು ನಿಜ.
ಹುಡುಕಿದರೆ ಯಾವ ಬಾಯಲ್ಲೂ ಸಿಗುತ್ತದೆ,
ಅವನು ನಗುತ್ತ ತುಂಬಿಸಿದ.

ತಪ್ಪಿದ್ದದ್ದು ಒಂದೇ ಚಿಹ್ನೆ.
‘ಕಡಿಮೆ’ ಎಂದಿರಬೇಕಾದಲ್ಲಿ ‘ಕಡಿಮೆ ಅಥವಾ ಸಮ’.
ಬರೆದವನು ಉರ್ಮಸ್, ಹದಿನಾಲ್ಕು ವರ್ಷದ ಹಿಂದೆ.
ಪಕ್ಕದಲ್ಲಿ ಅವನದೇ ಟಿಪ್ಪಣಿ:
ಇಷ್ಟು ದೂರ ಯಾರೂ ಬರುವುದಿಲ್ಲ.
ಅದರ ಕೆಳಗೆ,
ಪರಿಶೀಲಿಸಿದವರು: ವಿರ್ವೆ.
ಅಂದರೆ ನಾನು.

ಅಳಿಸಲು ಒಂದು ನಿಮಿಷ ಸಾಕಾಯಿತು.
ಉಳಿದ ದಿನಗಳೆಲ್ಲ ಹೋದದ್ದು ಹಳೆಯ ನಾಲ್ಕು ಆವೃತ್ತಿಗಳಿಗೆ,
ಮತ್ತೆ ಐದನೆಯದಕ್ಕೆ. ಅದು ಸತ್ತಿತೆಂದು ನಾವೇ ಸಾರಿದ್ದೆವು,
ಯಾವುದೋ ಬಂದರಿನ ಕ್ರೇನುಗಳು
ಆ ಸುದ್ದಿ ಮುಟ್ಟದೆ ಇನ್ನೂ ಅದನ್ನೇ ನಂಬಿವೆ.
ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಎಲ್ಲರೂ ನಗುತ್ತಾರೆ;
ಸೂರೆಗೆ ಮೊದಲೇ, ಕಿರುಗುಟ್ಟದ ಹಾಗೆ
ಕೀಲಿಗೆ ಎಣ್ಣೆ ಬಿಟ್ಟು ಹಾಕುವವರು ಕಾಣುವುದಿಲ್ಲ.

ಹನ್ನೊಂದನೆಯ ದಿನ, ಮಂಗಳವಾರ, ಮೂರು ಗಂಟೆಗೆ ಬಿಟ್ಟೆವು.
ಬಿಟ್ಟ ಮೇಲೆ ಬೇರೆಯೇ ಭಯ.
ತೇಪೆಯೇ ಈಗ ಬಾವುಟ:
ಹೊಲಿಗೆ ಎಲ್ಲಿದೆಯೋ ಅಲ್ಲಿ ಹರಿದಿತ್ತೆಂದು
ಓದಬಲ್ಲ ಯಾರಿಗೂ ಗೊತ್ತಾಗುತ್ತದೆ.
ಇಳಿಸಿಕೊಂಡವರ ಲೆಕ್ಕ ಏರುತ್ತಿತ್ತು, ಸಾವಿರ, ಎಂಬತ್ತು ಸಾವಿರ.
ನಾಳೆ ಮಾಡಿದರಾಯಿತೆಂದು ಮಲಗಿದವರ ಲೆಕ್ಕ
ಯಾವ ಪರದೆಯಲ್ಲೂ ಇರಲಿಲ್ಲ.

ಉರ್ಮಸ್‌ಗೆ ಫೋನು ಮಾಡಿದೆ.
ವೋರು ಕಡೆ ಜೇನು ಸಾಕಿಕೊಂಡಿದ್ದಾನೆ,
ಚಳಿ ಮುಗಿಯುವ ತನಕ ಪೆಟ್ಟಿಗೆಗೆ ಕಿವಿಯಿಟ್ಟು
ಒಳಗೆ ಜೀವವಿದೆಯೇ ಎಂದು ಕೇಳುವುದು ಅವನ ಕೆಲಸ.
ಎಷ್ಟು ಬೈಟು? ಅಂದ.
ಒಂದು.
ಬಹಳ ಹೊತ್ತು ಏನೂ ಇಲ್ಲ. ಆಮೇಲೆ,
ನೀನು ನೋಡಿದ್ದೆಯಲ್ಲವೇ, ವಿರ್ವೆ?
ನೋಡಿದ್ದೆ.

ನಡುರಾತ್ರಿ ಲೀಸ್ ಫೋನು, ವಾರ್ಡಿನಿಂದ, ಸಿಡಿಮಿಡಿ:
ಕಂಪ್ಯೂಟರು ತನ್ನಷ್ಟಕ್ಕೆ ನಿಂತು ಮತ್ತೆ ಶುರುವಾಯಿತು,
ಹತ್ತು ನಿಮಿಷ ತೂಕವೆಲ್ಲ ಅಂಗೈ ಮೇಲೆ ಬರೆದುಕೊಂಡೆ,
ನಿಮ್ಮವರಿಗೆ ಬೇರೆ ಕೆಲಸವಿಲ್ಲವೇ?
ಎಷ್ಟಿತ್ತು ತೂಕ? ಕೇಳಿದೆ.
ಯಾರದ್ದು?
ಯಾರದ್ದಾದರೂ.
ಎರಡು ಕಿಲೋ ಒಂಬೈನೂರು, ಅಂದಳು. ನಿನ್ನ ಹಲ್ಲು ಹೇಗಿದೆ?

ನಾಲಗೆ ತಾನಾಗಿ ಅಲ್ಲಿಗೆ ಹೋಯಿತು.
ಇನ್ನೂ ಒರಟು.