ಆರು ಗುಬುಟಿನ ಜಾಗ

ನಮ್ಮ ಊಟದ ಮೇಜು ನವೆಂಬರಿನಿಂದ ನಮ್ಮದಲ್ಲ.
ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ.
ಗೆಂಟ್ ಪಟ್ಟಣದ ಈ ನಾಲ್ಕನೇ ಮಹಡಿಯಲ್ಲಿ
ವಾನ್ನೆಸ್ ಆರುನೂರು ವರ್ಷ ಹಿಂದಿನ
ಛತ್ರ ಕಟ್ಟುತ್ತಿದ್ದಾನೆ,
ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ.

ಹಗಲು ಅವನು ಲಿಫ್ಟ್ ರಿಪೇರಿಯವನು.
ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರ
ಬೈಗುಳ ಕೇಳುತ್ತ ಹಗ್ಗಕ್ಕೆ ಗ್ರೀಸು ಬಳಿಯುತ್ತಾನೆ.
ರಾತ್ರಿ ಕೈ ತೊಳೆದು, ಉಗುರು ಮೂಸಿ,
ಮತ್ತೊಮ್ಮೆ ತೊಳೆದು, ಕೂರುತ್ತಾನೆ.

ಇಟ್ಟಿಗೆ ಬರುವುದು ಭಾನುವಾರದ ಹಳೆಸಾಮಾನಿನ ಸಂತೆಯಿಂದ,
ಕಿಲೋ ಲೆಕ್ಕದಲ್ಲಿ, ಆಲೂಗಡ್ಡೆಯ ಹಾಗೆ.
ಜೊತೆಗೆ ಅಂಗಿಯ ಗುಂಡಿ, ಹೇರ್‌ಪಿನ್ನು,
ಒಮ್ಮೆ ಒಂದು ಹಾಲುಹಲ್ಲು.
ಬೋಗುಣಿಯಲ್ಲಿ ಸೋಪುನೀರು ಹಾಕಿ ನಾನೇ ತೊಳೆಯುತ್ತೇನೆ,
ಬೇಕರಿಯಲ್ಲಿ ಒಣದ್ರಾಕ್ಷಿ ತೊಳೆಯುವ ಕೈ.

ಕಂದು ಇಟ್ಟಿಗೆಯೊಂದರ ತುಂಬ
ಯಾವುದೋ ಮಗು ಕಡಿದ ಗುರುತು.
ಎಸೆಯಹೋದೆ. "ತಾ ಇಲ್ಲಿ" ಅಂದ.
ಬಾಗಿಲ ಚೌಕಟ್ಟಿಗೆ, ಮೊಣಕೈ ತಾಗುವ ಎತ್ತರಕ್ಕೆ ಕೂರಿಸಿ,
"ಗಾಡಿಯವರು ಒರಗಿ ಒರಗಿ ಸವೆಸಿದ್ದು."

ಗೋಡೆ ನೆಟ್ಟಗಿರಬಾರದಂತೆ.
ಕೂದಲೆಳೆ ತಪ್ಪಿದರೂ ಜೀವ ಹೋಗುವ ಕಸುಬಿನವನು
ಇಲ್ಲಿ ಬೇಕೆಂದೇ ಅರ್ಧ ಗುಬುಟು ಜರುಗಿಸಿ
ಡೊಂಕನ್ನು ಹುಡುಕುತ್ತಾನೆ.
ಮೇಲುಮಾಳಿಗೆ ಬೀದಿಯ ಮೇಲೆ ಬಾಗಿದೆ,
ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟ ಹಾಗೆ.
ಕುದುರೆಗೆ ಲಾಯ, ಲಾಯಕ್ಕೆ ಹುಲ್ಲು,
ಹುಲ್ಲಿನೊಳಗೆ ಯಾರಿಗೂ ಕಾಣದ ಇಲಿ.
ಒಲೆಯ ಮೇಲೆ ಸುಡುತ್ತಿರುವ ಬಾತು. ಬಿಯರಿನ ಪೀಪಾಯಿ.
ಗಲ್ಲಾದ ಹಿಂದೆ ದಪ್ಪ ಮೀಸೆಯ ಯಜಮಾನ.

ಮುಗಿಯಿತು ಅಂದ,
ಫೆಬ್ರವರಿಯ ಒಂದು ಬೆಳಗಿನ ಮೂರೂವರೆಗೆ.
ನಾನು ಕೆಲಸಕ್ಕೆ ಕೋಟು ಹಾಕಿಕೊಳ್ಳುತ್ತಿದ್ದೆ, ಅವನಿನ್ನೂ ಮಲಗಿರಲಿಲ್ಲ.
ಒಂದು ಕೈ ಕಳೆದುಕೊಂಡ ಪಯಣಿಗನನ್ನು ಎತ್ತಿ
ಬಾಗಿಲೊಳಗೆ ನಡೆಸಿದೆ,
ಬಿಯರ್ ಕುಡಿಸಿದೆ, ಬೆಂಕಿ ಕಾಯಿಸಿದೆ.
"ಇವನು ಮಲಗುವುದೆಲ್ಲಿ?"
"ಮೇಲೆ. ಐದು ಹಾಸಿಗೆ ಇವೆ."
"ಹೋಗುವುದು ಹೇಗೆ?"

ಫ್ರಿಜ್ಜಿನ ಸದ್ದು ಕೇಳಿಸಿತು.
ಊರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸಾಗಿಸುವವನು
ತನ್ನ ಅಟ್ಟಕ್ಕೆ ಮೆಟ್ಟಿಲಿಡಲು ಮರೆತಿದ್ದ.
ನಾನು ನಕ್ಕೆ. ಅವನು ನಗಲಿಲ್ಲ.
ಬೀದಿಗಿಳಿದ ಮೇಲೆ, ನಾಲ್ಕನೇ ಮಹಡಿಯ ಕಿಟಕಿ ತೆರೆದು
ನಕ್ಕ, ನೆರೆಹೊರೆ ಏಳುವ ಹಾಗೆ.

ಮಧ್ಯಾಹ್ನ ಬಂದಾಗ ಛಾವಣಿ ಕುರ್ಚಿಯ ಮೇಲಿತ್ತು.
ಮೆಟ್ಟಿಲಿಗೆ ಬೇಕಾದದ್ದು ಆರು ಗುಬುಟಿನ ಜಾಗ.
ಏನನ್ನು ತೆಗೆಯುವುದು?
ಒಲೆ ತೆಗೆದರೆ ಚಳಿ,
ಪೀಪಾಯಿ ತೆಗೆದರೆ ಯಾರೂ ಬರುವುದಿಲ್ಲ,
ಬಾತಿನ ಮೇಲೆ ಅವನಿಗೆ ಮೋಹ.
ಎರಡು ದಿನ ಯೋಚಿಸಿ
ಗಲ್ಲಾ ಕಿತ್ತ.

ಅಲ್ಲಿಂದ ಈಗ ಹನ್ನೊಂದು ಮೆಟ್ಟಿಲು ಏರುತ್ತವೆ.
ಕಂದು ಮುಗಿದಿತ್ತು. ಹಾಗಾಗಿ ಆರು ಕಂದು, ನಾಲ್ಕು ಕೆಂಪು,
ಒಂದು ಗಿಣಿಹಸಿರು.
ಯಜಮಾನ ಪೊರಕೆ ಹಿಡಿದು ಲಾಯದ ಬಳಿ ನಿಂತಿದ್ದಾನೆ.
"ಹಾಗಾದರೆ ದುಡ್ಡು ಕೊಡುವುದೆಲ್ಲಿ?" ಅಂದೆ.
ವಾನ್ನೆಸ್ ಭುಜ ಕುಣಿಸಿದ.
"ಕೇಳುವವರೇ ಇಲ್ಲವಲ್ಲ."

ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ಎಪ್ಪತ್ತೆರಡು ಮೆಟ್ಟಿಲು.
ಸಂಜೆ ಅವನ ಬೂಟಿನ ಸದ್ದು ಕೇಳುತ್ತ ಎಣಿಸುತ್ತೇನೆ.
ನಲವತ್ತರವರೆಗೆ ಸರಾಗ.
ಆಮೇಲೆ ನಿಲ್ಲುತ್ತದೆ.
ಈ ಚಳಿಗಾಲ ಸ್ವಲ್ಪ ಹೆಚ್ಚು ಹೊತ್ತೇ ನಿಲ್ಲುತ್ತದೆ.
ಕೇಳಿದರೆ, "ಬೀಗದ ಕೈ ಹುಡುಕುತ್ತಿದ್ದೆ" ಅನ್ನುತ್ತಾನೆ.

ಇಂದು ಅವನು ಬರುವ ಮೊದಲು
ಮೆಲ್ಲಗೆ ಛಾವಣಿ ಎತ್ತಿ ನೋಡಿದೆ.
ಐದು ಹಾಸಿಗೆಯೂ ಖಾಲಿ.
ಒಂಟಿಗೈಯ ಪಯಣಿಗ
ಹಸಿರು ಮೆಟ್ಟಿಲ ಮೇಲೆ ಕೂತಿದ್ದಾನೆ,
ಮುಖ ಮೇಲಕ್ಕೆ.