ಎರಡು ಬೆರಳು

ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹಿಂದೆ
ಒಣಮೀನಿನ ಅಂಗಡಿಗೆ ಒರಗಿಕೊಂಡ ಹಾಗೆ
ಆಲಿಕ್ಕನ ಟೈಲರಿಂಗು. ಒಂದು ಮೆಷಿನ್ನು, ಒಂದು ಬೆಂಚು.
ಹದಿನಾರಕ್ಕೆ ಕಾಜಾ ಹಾಕಲು ಸೇರಿದೆ.
ಮೊದಲ ದಿನ ಕತ್ತರಿ ಕೊಡಲಿಲ್ಲ.
ನನ್ನ ಎರಡು ಬೆರಳು ಜೋಡಿಸಿ ಬಟ್ಟೆಯ ಮೇಲಿಡಿಸಿ
"ಒಳಗೆ ಇಷ್ಟು ಬಿಡು ದಮಯಂತಿ,
ಮೈ ಇವತ್ತಿಗೇ ನಿಲ್ಲುವುದಿಲ್ಲ" ಅಂದರು.

ಕೂಸಿನ ಅಂಗಿಗೆ ಅಜ್ಜಿಯ ಹಳೆ ಸೀರೆ ಬರುತ್ತಿತ್ತು.
ಅದಕ್ಕೆ ಮಾತ್ರ ಹೊಲಿಗೆಯ ಅಂಚು ಹೊರಗೆ.
"ನೋಡೋರಿಗೆ ಚಂದ ಬೇಡ. ಮಗುವಿಗೆ ಚುಚ್ಚಬಾರದು."
ಬಸುರಿಯ ರವಿಕೆಗೆ ಪಕ್ಕದಲ್ಲಿ ಮೂರು ಸಾಲು,
ಒಂದೊಂದೇ ಬಿಚ್ಚಿಕೊಳ್ಳಲಿ ಅಂತ.

ಕಲಿತೆ ಅಂದುಕೊಂಡೆ.
ಕಕ್ಕಡದ ಮಳೆಯಲ್ಲಿ ಅವರು ತಲಶ್ಶೇರಿಗೆ ಹೋಗಿದ್ದಾಗ
ತೋಟದ ಲೈನಿನಿಂದ ಪಾಲಿ ಬಂದಳು, ಎರವರ ಹುಡುಗಿ,
ಶಾಲೆಯಲ್ಲಿ ಕೊಟ್ಟ ನೀಲಿ ಬಟ್ಟೆ ಕಂಕುಳಲ್ಲಿ.
ಮಾತಿಲ್ಲ. ಅವಳ ಕೊಡೆಯಿಂದ ನೀರು ತೊಟ್ಟಿಕ್ಕಿ
ಆಗಷ್ಟೇ ಒರೆಸಿದ ನೆಲವೆಲ್ಲ ಕೆಸರು.
ಸಿಟ್ಟಿನಲ್ಲಿ ಮೈಗೆ ಅಂಟುವ ಹಾಗೆ ಕತ್ತರಿಸಿದೆ.
ಉಳಿಸಿದ ಬಟ್ಟೆಯಲ್ಲಿ ನನಗೊಂದು ದಿಂಬಿನ ಚೀಲ.

ಆಗಸ್ಟ್ ಹದಿನೈದಕ್ಕೆ
ಬಾವುಟಕ್ಕೆ ಕೈಯೆತ್ತಿದಳಂತೆ,
ಕಂಕುಳಿನಿಂದ ಸೊಂಟದವರೆಗೆ ಬಿಟ್ಟಿತಂತೆ ಹೊಲಿಗೆ.
ಸಾಲಿಗೆ ಸಾಲೇ ನಕ್ಕಿತಂತೆ.
ಮರುದಿನದಿಂದ ಪಾಲಿ ಅವ್ವನ ಜೊತೆ ಕಳೆ ಕೀಳಲು ಹೋದಳು.

ಆ ದಿಂಬಿನ ಮೇಲೆ ನಾನು ಬಹಳ ವರ್ಷ ಮಲಗಿದೆ.
ನಿದ್ದೆಯೂ ಬರುತ್ತಿತ್ತು,
ಹೇಳಬೇಕಾದ್ದು ಅದೇ.

ಆಲಿಕ್ಕ ಬಂದು ಕೇಳಿಸಿಕೊಂಡರು. ಬೈಯಲಿಲ್ಲ.
ಅಳತೆ ಪುಸ್ತಕ ತೆಗೆದು ಅವಳ ಹೆಸರು ಹುಡುಕಿದರು,
ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ.
ನಾನು ಬರೆದೇ ಇರಲಿಲ್ಲ.

ಅವರು ಹೋದ ದಿನ
ಕಫನ್ನಿನ ಬಿಳಿ ಬಟ್ಟೆ ನಮ್ಮಂಗಡಿಯ ಮುಂದೆಯೇ ಹಾದುಹೋಯಿತು.
ಅದಕ್ಕೆ ಹೊಲಿಗೆ ಇಲ್ಲ, ಗೊತ್ತಿತ್ತು.
ಆದರೂ ಮೆಷಿನ್ನಿಗೆ ಎಣ್ಣೆ ಹಾಕಿ, ದಾರ ಪೋಣಿಸಿ
ಸಂಜೆಯವರೆಗೆ ಕೂತಿದ್ದೆ.

ಆಮೇಲೆ ಮೆಷಿನ್ನು ನನ್ನದಾಯಿತು.
ಒಂದು ಸಂಜೆ ಪೋಸ್ಟಾಫೀಸಿನ ಬೆಳ್ಯಪ್ಪ
ಕಪ್ಪು ಕುಪ್ಯ ತಂದರು, ಮೊಮ್ಮಗಳ ಮದುವೆಗೆ.
ಮೈಸೂರಿನ ಆಸ್ಪತ್ರೆಯಿಂದ ಬಂದು ತಿಂಗಳಾಗಿತ್ತು,
ಭುಜದ ಮೂಳೆ ಅಂಗಿಯೊಳಗೆ ಹ್ಯಾಂಗರಿನ ಹಾಗೆ.
"ಇಸ್ತ್ರಿ ಸಾಕು. ಅಳತೆ ಬೇಡ.
ಮೂವತ್ತು ವರ್ಷದಿಂದ ಒಂದೇ ಮೈ ನಂದು."
ಟೇಪು ಮುಟ್ಟಲಿಲ್ಲ. ಕಣ್ಣಲ್ಲೇ ಅಳೆದೆ.
ರಾತ್ರಿ ಎರಡೂ ಪಕ್ಕ ಎರಡೆರಡು ಬೆರಳು ಒಳಗೆ ಮಡಚಿದೆ.
ಕತ್ತರಿಸಲಿಲ್ಲ.
ಯಾಕೆ ಕತ್ತರಿಸಲಿಲ್ಲ ಅಂದರೆ
ಮತ್ತೆ ದಪ್ಪವಾದರೆ?
ಆಗುವುದಿಲ್ಲವೆಂದು ಕೈಗೆ ಗೊತ್ತಿತ್ತು, ಆದರೂ.
ಬೆಳಿಗ್ಗೆ ಕನ್ನಡಿ ಮುಂದೆ ಚೇಲೆ ಬಿಗಿದು ತಿರುಗಿದರು:
"ನೋಡಿದೆಯಾ? ಒಂದು ಬೆರಳೂ ಇಳಿದಿಲ್ಲ."
"ಹೌದು" ಅಂದೆ.
ಇಸ್ತ್ರಿಯ ದುಡ್ಡು ಮಾತ್ರ ತಗೊಂಡೆ.

ಈಗ ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ.
ದಾರ ಪೋಣಿಸಿಕೊಡಲು ಮೀನಿನಂಗಡಿಯ ಹುಡುಗ ಬರುತ್ತಾನೆ,
ಕೈ ತೊಳೆದೇ ಬರುತ್ತಾನೆ, ಪಾಪ.
ಸರ್ಕಾರಿ ಆಸ್ಪತ್ರೆಯಲ್ಲಿ ಹೊಸ ನರ್ಸಮ್ಮ,
ತೆಳ್ಳಗಿನ ಕಪ್ಪು ಹುಡುಗಿ, ಗಟ್ಟಿ ದನಿ.
ಯಾವೂರು ಅಂದೆ. ಇದೇ, ತೋಟದ ಲೈನು ಅಂದಳು.
ಅಮ್ಮ?
"ಪಾಲಿ" ಅಂದಳು, ಬಿಪಿಯ ಪಟ್ಟಿ ಬಿಚ್ಚುತ್ತಾ.

ನನ್ನ ತೋಳಿಗೆ ಸುತ್ತಿದಳು.
ಪಟ್ಟಿಗೂ ಚರ್ಮಕ್ಕೂ ನಡುವೆ
ತನ್ನ ಎರಡು ಬೆರಳು ತೂರಿಸಿ ನೋಡಿದಳು,
ಸ್ವಲ್ಪ ಸಡಿಲ ಮಾಡಿ, ಮತ್ತೆ ತೂರಿಸಿ.
"ಬಿಗಿಯಾಯ್ತಾ ಅಜ್ಜೀ?"

ನಿನ್ನ ಅಮ್ಮನಿಗೆ ಹೇಳು, ಎಂದು ಶುರುಮಾಡಿದೆ.
"ಶ್... ಈಗ ಮಾತಾಡಬಾರದು,
ಮಾತಾಡಿದರೆ ಜಾಸ್ತಿ ತೋರಿಸ್ತದೆ."