ಸೊನ್ನೆ ಲೀಟರ್

ತಿಂಗಳ ಕೊನೀಗೆ ವರದಿ ತೆಗೀಬೇಕು.
ಯಾವ ಬಸ್ಸು ಎಷ್ಟು ಓಡ್ತು, ಎಷ್ಟು ಡೀಸೆಲ್ ಕುಡೀತು,
ಲೀಟರಿಗೆ ಎಷ್ಟು ಕಿಲೋಮೀಟರ್ ಬಿತ್ತು.
ಗದಗ ಡಿಪೋದ ತೊಂಬತ್ನಾಲ್ಕು ಬಸ್ಸಿನ ಹೊಟ್ಟೀ ಲೆಕ್ಕ
ನನ್ನ ಕೈಯಾಗ.

ಗುಂಡಿ ಒತ್ತಿದರ ಹಸಿರು ಪಟ್ಟಿ ಸಾಗತೈತಿ,
ಎಂಬತ್ತು, ಎಂಬತ್ತೈದು, ಎಂಬತ್ತೇಳು,
ಅಲ್ಲಿಗೆ ಪರದೆ ಬೆಳ್ಳಗ.
ಗುಡ್ಡ ಏರಿ ಏರಿ, ನೆತ್ತಿಗೆ ಒಂದು ಮಾರು ಐತಿ ಅನ್ನೂದ್ರೊಳಗ
ಯಾರೋ ಕೈ ಬಿಟ್ಟಂಗ.

ಮೂರು ರಾತ್ರಿ ಇದೇ.
ಸಹಾಯವಾಣಿ ಹುಡುಗ, "ಮೇಡಂ, ಒಮ್ಮೆ ಆಫ್ ಮಾಡಿ ಆನ್ ಮಾಡಿ."
ಮಾಡಿದೆ.
ನಾಲ್ಕನೇ ಸಲಕ್ಕ ನನ್ನ ದನಿ ಗುರುತು ಹಿಡಿದು
"ಊಟ ಆಯ್ತಾ ಮೇಡಂ?" ಅಂದ.
ಅಷ್ಟು ಸುಧಾರಣೆ.

ಲೆಕ್ಕಪತ್ರದ ಹಂಪಿಹೊಳಿ ಸರ್ ಹಣಿಕಿ ಹಾಕಿದ್ರು:
"ಹೋದ ತಿಂಗಳದ್ದ ತಾರೀಖು ತಿದ್ದಿ ಕಳಿಸಿಬಿಡು, ನೀಲಾಂಬಿಕಾ.
ಹುಬ್ಬಳ್ಳ್ಯಾಗ ಯಾರು ಓದ್ತಾರ?"

ನಮ್ಮವ್ವ ಜ್ವಾಳ ಹಸನ ಮಾಡೂದು ನೋಡೀನಿ.
ಮರದಾಗ ಹಳ್ಳೈತಿ ಅಂತ ಎಲ್ಲಾ ಚೆಲ್ಲೂದಿಲ್ಲ,
ಅರ್ಧ ಆ ಕಡೆ ಸರಿಸ್ತಾಳ, ಅರ್ಧ ಈ ಕಡೆ.
ನಾನೂ ತಿಂಗಳು ಸೀಳಿದೆ.
ಒಂದರಿಂದ ಹದಿನೈದು: ಓಡಿತು.
ಹದಿನಾರರಿಂದ ಮೂವತ್ತು: ಬಿತ್ತು.
ಹದಿನಾರರಿಂದ ಇಪ್ಪತ್ಮೂರು: ಓಡಿತು.
ಇಪ್ಪತ್ನಾಲ್ಕರಿಂದ ಇಪ್ಪತ್ತೇಳು: ಬಿತ್ತು.
ಬಿದ್ದದ್ದಕ್ಕ ಖುಷಿಯಾಗೂದು ನನಗ ಹೊಸದು.
ಇಪ್ಪತ್ತಾರನೇ ತಾರೀಖು ಒಂದ ಉಳೀತು,
ಅದರಾಗಿನ ಬಸ್ಸು ಸೀಳಿಕೊಂತ ಹೋದೆ.
ರಾತ್ರಿ ಒಂದೂವರಿಗೆ ಸಿಕ್ತು ಹಳ್ಳು:

ಬಸ್ಸು ೧೧೪೭. ಓಡಿದ್ದು ಇಪ್ಪತ್ತೊಂದು ಕಿಲೋಮೀಟರ್.
ಡೀಸೆಲ್ ಸೊನ್ನೆ.

ಇಪ್ಪತ್ತೊಂದನ್ನ ಸೊನ್ನೆಯಿಂದ ಭಾಗಿಸು ಅಂದ್ರ
ಯಂತ್ರ ಏನು ಮಾಡೀತು, ಪಾಪ.
ಆರನೇತ್ತಾಗ ನಾ ಇದನ್ನ ಕೇಳಿದಾಗ ಬೆಳವಟಗಿ ಮಾಸ್ತರು
ಸೀಮೆಸುಣ್ಣ ಮೇಜಿನ ಮ್ಯಾಲಿಟ್ಟು
ನೀರು ಕುಡಿದು ಬರ್ತೀನಿ ಅಂತ ಹೊರಗ ಹೋಗಿದ್ರು.
ಅವರೂ ಎಂಬತ್ತೇಳಕ್ಕ ನಿಂತವರೇ.

"ಒಂದು ಲೀಟರ್ ಅಂತ ಹಾಕು, ಮುಗೀತು,"
ಬೆಳಿಗ್ಗೆ ಹಂಪಿಹೊಳಿ ಸರ್.
ಹಾಕಬಹುದಿತ್ತು. ಬೆರಳು ಒಂದರ ಮ್ಯಾಲೇ ಇತ್ತು.
ಆದರ ಕಿಟಕಿ ಆಚೆ ೧೧೪೭ರ ಚಾಲಕ
ಮೌಲಾಸಾಬ ಡಂಬಳ ಚಹಾ ಕುಡೀತ ನಿಂತಿದ್ದ.

"ಇಪ್ಪತ್ತಾರಕ್ಕ ಏನಾಗಿತ್ತು ಕಾಕಾ?"

"ಮುಳಗುಂದದಾಗ ಇಂಜಿನ್ ಸೀಜ್ ಆತವ್ವಾ.
ಮಂದೀನ ಬ್ಯಾರೆ ಬಸ್ಸಿಗೆ ಹತ್ತಿಸಿ ಕಾಯ್ಕೊಂತ ಕೂತೆ.
ಕತ್ತಲಾದ ಮ್ಯಾಲ ದುರಸ್ತಿ ಗಾಡಿ ಬಂತು,
ಸರಪಳಿ ಬಿಗದು ಎಳಕೊಂಡು ಹೊಂಟ್ರು,
ನಾ ಸ್ಟೇರಿಂಗ್ ಹಿಡಕೊಂಡು ಕೂತಿದ್ದೆ ಅಷ್ಟ.
ಹತ್ತೊಂಬತ್ತು ವರ್ಷದಾಗ ಮೊದಲನೇ ಸಲ
ನನ್ನ ಬಸ್ಸಿನ ಸಪ್ಪಳ ಕೇಳಿಸ್ತು ನೋಡು.
ಇಂಜಿನ್ನಿಂದು ಅಲ್ಲ, ಬಸ್ಸಿಂದು.
ಕಿಟಕಿ ಗಾಜು ತಮ್ಮತಮ್ಮೊಳಗ ಮಾತಾಡ್ತಿದ್ದವು.
ಹಿಂದಿನ ಸೀಟಿನ ಬುಡಕ ಯಾರೋ ಬಿಟ್ಟುಹೋದ ಉಳ್ಳಾಗಡ್ಡಿ,
ಇಳುಕಲಿಗೆ ಮುಂದ ಬರೂದು, ಏರಿಗೆ ಹಿಂದ ಹೋಗೂದು.
ಕಪ್ಪತಗುಡ್ಡದ ಕಡೆ ಗಾಳಿ ಫ್ಯಾನಿನ ಕೆಂಪು ದೀಪ.
ಒಂದು ಹನಿ ಕುಡೀಲಿಲ್ಲವ್ವಾ ಬಸ್ಸು. ಖರೇ."

ಒಂದು ಲೀಟರ್ ಹಾಕಲಿಲ್ಲ.
ಸೂತ್ರದಾಗ ಒಂದು ಮಾತು ಸೇರಿಸಿದೆ:
ಡೀಸೆಲ್ ಸೊನ್ನೆ ಇದ್ದರ ಭಾಗಿಸಬ್ಯಾಡ,
ಅಡ್ಡಗೆರೆ ಎಳೆದು ಮುಂದಕ್ಕ ಹೋಗು.
ಎಂಬತ್ತೇಳು. ಎಂಬತ್ತೆಂಟು.
ನಾ ಉಸಿರು ಹಿಡಿದೀನಿ ಅಂತ ತೊಂಬತ್ತಕ್ಕ ಗೊತ್ತಾತು.
ನೂರು.
ಹಳೇ ಪ್ರಿಂಟರ್ ಕರಕರ ಅಂತ ಹದಿನಾರು ಹಾಳಿ ಉಗುಳಿತು.

ಹತ್ತು ದಿನಕ್ಕ ಹುಬ್ಬಳ್ಳಿಯಿಂದ ಕಾಗದ:
"ಹನ್ನೊಂದನೇ ಪುಟದಲ್ಲಿನ ಅಡ್ಡಗೆರೆಗೆ ಸಮಜಾಯಿಷಿ ನೀಡತಕ್ಕದ್ದು."
ಓದ್ಯಾರ!
ಹಂಪಿಹೊಳಿ ಸರ್ ಆವತ್ತು ಇಡೀ ದಿನ
ಕ್ಯಾಲೆಂಡರ್ ನೋಡಿಕೊಂತ ಕೂತಿದ್ರು.

ಬಿಳಿ ಹಾಳಿ ಎಳಕೊಂಡೀನಿ.
"ಸದರಿ ವಾಹನವು ದಿನಾಂಕ ೨೬ರಂದು" ಅಂತ ಬರದು
ಪೆನ್ನು ಎತ್ತಿ ಹಿಡಿದೀನಿ.
ಉಳ್ಳಾಗಡ್ಡಿ ಬರೀಬೇಕೋ, ಬ್ಯಾಡೋ.